ಮನಶ್ಶಾಸ್ತ್ರಜ್ಞನ ಕುಲಪತಿತ್ವ: ಸ್ಟ್ಯಾನ್ಲಿ ಹಾಲನ ವೃತ್ತಾಂತ

ಹತ್ತು ಸಾವಿರ ಶಿಷ್ಯರಿಗೆ ಅನ್ನವಿತ್ತು ವಿದ್ಯೆ ಕಲಿಸುವವನೇ ಕುಲಪತಿಯೆಂದು ಸಂಸ್ಕೃತ ಸಂಪ್ರದಾಯದಲ್ಲಿ ಲಕ್ಷಣವುಂಟು. ಅಲ್ಲಿ ಅಧ್ಯಾಪನದೊಡನೆ ಪೋಷಣವನ್ನೂ ಹೇಳಿರುವುದು ಗಮನಾರ್ಹವಾದುದು. ಅಮೆರಿಕದಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷನೆನಿಸಿಕೊಳ್ಳುವವನ ಹೊಣೆಯೂ ಬಹುಮಟ್ಟಿಗೆ ಇಂತಹುದೇ. ಅನ್ನದ ಬೊಕ್ಕಸವು ಒಬ್ಬನ ಕೈಯಲ್ಲಿಯೂ ವಿದ್ಯೆಯ ಸಂಕಲ್ಪವು ಮತ್ತೊಬ್ಬನ ಮನಸ್ಸಿನಲ್ಲಿಯೂ ಇದ್ದರೆ ಏನಾಗುವುದೆಂಬುದನ್ನು ಗ್ರ್ಯಾನ್‌ವಿಲ್ ಸ್ಟ್ಯಾನ್ಲಿ ಹಾಲನ ಚರಿತ್ರೆಯಲ್ಲಿ ನೋಡಬಹುದು.

ಮ್ಯಾಸಚೂಸೆಟ್ಸ್ ಪ್ರಾಂತದ ಆಷ್‌ಫೀಲ್ಡ್ ಎಂಬ ಗ್ರಾಮದಲ್ಲಿ ಹುಟ್ಟಿದ ಹಾಲನು ಮೊದಲು ಕ್ರೈಸ್ತ ಮತಶಾಸ್ತ್ರವನ್ನು ಓದಿದವನು. ಬಳಿಕ ಹಾರ್ವರ್ಡಿನಲ್ಲಿ ವಿಲಿಯಂ ಜೇಮ್ಸನಲ್ಲಿ ವ್ಯಾಸಂಗಮಾಡಿ 1878ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಮನಶ್ಶಾಸ್ತ್ರದಲ್ಲಿ ಅಮೆರಿಕವು ಕೊಟ್ಟ ಮೊದಲ ಡಾಕ್ಟರ್ ಪದವಿ ಇದೆಂದು ಎಣಿಕೆ. ಜರ್ಮನಿಯಲ್ಲಿ ವುಂಟ್ ಪಂಡಿತನ ಪ್ರಯೋಗಶಾಲೆಯನ್ನು ಕಂಡುಬಂದು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ 1883ರಲ್ಲಿ ತಾನೂ ಒಂದನ್ನು ತೆರೆದನು. ಮರುವರ್ಷವೇ ಅಲ್ಲಿ ಪ್ರಾಧ್ಯಾಪಕನಾದನು. 1887ರಲ್ಲಿ ಅಮೆರಿಕದ ಮನಶ್ಶಾಸ್ತ್ರಪತ್ರಿಕೆಯನ್ನು ಹೊರಡಿಸಿದನು.

ಆ ವೇಳೆಗೆ ಜೋನಸ್ ಕ್ಲಾರ್ಕ್ ಎಂಬ ವರ್ತಕನು, ಕ್ಯಾಲಿಫೋರ್ನಿಯದ ಗಣಿಗಾರರಿಗೆ ಸಾಮಾನು ಮಾರಿ ಗಳಿಸಿದ ಹಣದಿಂದ ವೂಸ್ಟರ್ ನಗರದಲ್ಲಿ ವಿದ್ಯಾಸಂಸ್ಥೆಯೊಂದನ್ನು ಸ್ಥಾಪಿಸಿ, 1888ರಲ್ಲಿ ಹಾಲನನ್ನು ಅಧ್ಯಕ್ಷನನ್ನಾಗಿ ಕರೆದನು. ದಾನಿಯ ಮನಸ್ಸಿನಲ್ಲಿದ್ದುದು ಊರಿನ ಬಡ ಹುಡುಗರಿಗೊಂದು ಕಾಲೇಜು. ಅಧ್ಯಕ್ಷನು ಬಯಸಿದುದು ಸಂಶೋಧನೆಗೇ ಮೀಸಲಾದ ವಿದ್ಯಾಪೀಠ. ಈ ಭೇದವನ್ನು ಇಬ್ಬರೂ ಮೊದಲೇ ಮಾತನಾಡಿ ತೀರಿಸಿಕೊಳ್ಳಲಿಲ್ಲ. 1889ರ ಅಕ್ಟೋಬರಿನಲ್ಲಿ ಪಾಠಗಳು ಮೊದಲಾದುವು. ಮರುವರ್ಷ ಮನೆಯಲ್ಲಿ ಅನಿಲ ಸೋರಿ ಉಸಿರುಕಟ್ಟಿ ಹಾಲನ ಪತ್ನಿಯೂ ಮಗಳೂ ತೀರಿಕೊಂಡರು.

ಕ್ಲಾರ್ಕನು ಕ್ರಮೇಣ ಕೈ ಬಿಗಿಹಿಡಿದನು. ಬೊಕ್ಕಸದ ನಿಜಸ್ಥಿತಿಯನ್ನು ಹಾಲನು ಅಧ್ಯಾಪಕರಿಗೆ ಬಿಚ್ಚಿ ಹೇಳಲಿಲ್ಲ. ಹಣದ ಕೊರತೆಯನ್ನು ಅವರು ಸಹಿಸುತ್ತಿದ್ದರೋ ಏನೋ. ಮರೆಮಾಚಿದುದನ್ನು ಮಾತ್ರ ಸಹಿಸಲಿಲ್ಲ. ಮನೋವ್ಯಾಪಾರವನ್ನೇ ಶಾಸ್ತ್ರವಾಗಿ ಓದಿದವನು ಸಹೋದ್ಯೋಗಿಗಳ ಮನಸ್ಸನ್ನು ಅರಿಯದೆ ಹೋದನು. ಹೊಸದಾಗಿ ಏಳುತ್ತಿದ್ದ ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ಹಾರ್ಪರನು 1892ರಲ್ಲಿ ವೂಸ್ಟರಿಗೇ ಬಂದು, ಹೆಚ್ಚಿನ ವೇತನವನ್ನು ಮುಂದಿಟ್ಟು ಅನೇಕರನ್ನು ಕರೆದೊಯ್ದನು. ಬೆಳಕಿನ ವೇಗವನ್ನು ಅಳೆದ ಮೈಕೆಲ್ಸನ್ನನೂ ಅವರೊಡನೆ ಹೋದನು. ಮಾನವಶಾಸ್ತ್ರಜ್ಞ ಬೋಯಸನೂ ಆ ವರ್ಷವೇ ಬಿಟ್ಟುಹೋದನು.

ಅಧ್ಯಾಪಕರಲ್ಲಿ ಬಹುಪಾಲು ಹೊರಟ ಮೇಲೆ ಉಳಿದುದು ಮುಖ್ಯವಾಗಿ ಮನಶ್ಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರ. ಹಾಲನು ಪುನಃ ಪಾಠಪೀಠಕ್ಕೆ ಮರಳಿದನು. ಸೋಮವಾರದ ಸಂಜೆ ಶಿಷ್ಯರನ್ನು ಮನೆಯಲ್ಲಿ ಸೇರಿಸಿ ಪ್ರಬಂಧಗಳನ್ನು ಓದಿಸಿ ವಾದಮಾಡಿಸುತ್ತಿದ್ದನು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ಹುಟ್ಟಿದುದೂ ಆ ಆಪತ್ತಿನ ವರ್ಷದಲ್ಲಿಯೇ, ಆತನ ಆಹ್ವಾನದ ಮೇರೆಗೆ. ಟರ್ಮನ್, ಗೆಸೆಲ್ ಮೊದಲಾದವರು ಆತನ ವಿದ್ಯಾಪೀಠದಿಂದ ಹೊರಬಂದರು. 1904ರಲ್ಲಿ ತಾರುಣ್ಯವನ್ನು ಕುರಿತು ಎರಡು ಸಂಪುಟಗಳ ಗ್ರಂಥವು ಪ್ರಕಟವಾಯಿತು. ಮಗುವು ಬೆಳೆಯುವಾಗ ಮಾನವಕುಲದ ಇತಿಹಾಸವನ್ನೇ ಪುನರಾವರ್ತಿಸುವುದೆಂಬ ಅದರ ಮೂಲಸಿದ್ಧಾಂತವು ಈಗ ಬಿದ್ದುಹೋಗಿದೆ. ತಾರುಣ್ಯವು ಪ್ರತ್ಯೇಕವಾಗಿ ಪರೀಕ್ಷಿಸತಕ್ಕ ವಯೋವಸ್ಥೆಯೆಂಬ ಮಾತು ನಿಂತಿದೆ. 1909ರಲ್ಲಿ, ಸಂಸ್ಥೆಯ ಇಪ್ಪತ್ತನೆಯ ವರ್ಷದ ಉತ್ಸವಕ್ಕೆ, ಫ್ರಾಯ್ಡನನ್ನೂ ಯುಂಗನನ್ನೂ ಕರೆಸಿದವನೂ ಈತನೇ. ಫ್ರಾಯ್ಡನು ಅಲ್ಲಿ ಜರ್ಮನ್ ಭಾಷೆಯಲ್ಲಿ ಐದು ಉಪನ್ಯಾಸಗಳನ್ನು ಮಾಡಿದನು.

ದಾನಿಯು 1900ರಲ್ಲಿ ಮೃತನಾದಾಗ ಮರಣಶಾಸನದಲ್ಲಿ ತನ್ನ ಮೊದಲ ಬಯಕೆಯನ್ನು ಈಡೇರಿಸಿಕೊಂಡಿದ್ದನು: ಅದರಂತೆ 1902ರಲ್ಲಿ ಬೇರೊಬ್ಬ ಅಧ್ಯಕ್ಷನ ಕೆಳಗೆ ಕಾಲೇಜು ತೆರೆಯಿತು. ಒಂದೇ ಆವರಣದಲ್ಲಿ ಇಬ್ಬರು ಅಧ್ಯಕ್ಷರು! 1920ರಲ್ಲಿ ಹಾಲನು ನಿವೃತ್ತನಾದನು, 1924ರಲ್ಲಿ ಕಾಲವಾದನು. ಆತನ ನಿವೃತ್ತಿಯೊಡನೆ ಎರಡು ಅಧ್ಯಕ್ಷಸ್ಥಾನಗಳೂ ಒಂದಾದುವು. ಅಲ್ಲಿಗೆ ಬಂದ ಅಟ್‌ವುಡ್ಡನು ಭೂಗೋಳಶಾಸ್ತ್ರಜ್ಞನು.