ಬೇಸಗೆಯ ಅಡಿಗೆ

ಬೆಂಗಳೂರು ತಂಪಾದ ಊರೆಂಬ ಕೀರ್ತಿ ಹಳೆಯದು. ಆದರೆ ಮಾರ್ಚಿಯಿಂದ ಮೇ ತಿಂಗಳವರೆಗೆ ಆ ಕೀರ್ತಿಯೊಂದನ್ನೇ ನಂಬಿಕೊಂಡು ಇರುವಂತಿಲ್ಲ. 2016ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಇಲ್ಲಿಯ ಉಷ್ಣಮಾನವು 39.2 ಡಿಗ್ರಿಗೆ ಏರಿತು. 2024ರ ಬೇಸಗೆಯಲ್ಲಿ ಎಷ್ಟೋ ಕೊಳವೆ ಬಾವಿಗಳು ಬತ್ತಿಹೋಗಿ, ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಬೇಕಾಯಿತು. ಇಂತಹ ದಿನಗಳಲ್ಲಿ ಮನೆಯೊಳಗೆ ಎಲ್ಲಕ್ಕಿಂತ ಹೆಚ್ಚು ಕಾದಿರುವ ಸ್ಥಳವು ಅಡಿಗೆಯ ಮನೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲುವವಳು ಬಹುಮಟ್ಟಿಗೆ ಮನೆಯ ಗೃಹಿಣಿ. ಆದುದರಿಂದ ಬೇಸಗೆಯ ಅಡಿಗೆಯೆಂಬುದು ಬರಿಯ ನಾಲಗೆಯ ವಿಷಯವಲ್ಲ. ಬಡಿಸುವವಳ ಆರೋಗ್ಯವೂ ಅದರಲ್ಲಿ ಸೇರಿದೆ.

ಇದಕ್ಕೆ ಪರಿಹಾರವನ್ನು ನಮ್ಮ ಹಿರಿಯರೇ ಒಂದು ಹಬ್ಬದಲ್ಲಿ ಇಟ್ಟಿದ್ದಾರೆ. ಶ್ರೀರಾಮನವಮಿಯಂದು ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಹಂಚುವುದೇನನ್ನು? ಪಾನಕ, ನೀರುಮಜ್ಜಿಗೆ, ಕೋಸಂಬರಿ. 1939ರಲ್ಲಿ ಸ್ಥಾಪಿತವಾದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವಕ್ಕೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನಕ್ಕೆ ಹೋಗಿಬರುವವರಿಗೂ ಈ ಮೂರರ ರುಚಿ ತಿಳಿಯದುದಲ್ಲ. ಮೂರಕ್ಕೂ ಒಲೆಯ ಅಗತ್ಯವಿಲ್ಲವೆಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಂದು ದಿನದ ಈ ಪದ್ಧತಿಯನ್ನು ಬೇಸಗೆಯ ಉದ್ದಕ್ಕೂ ವಿಸ್ತರಿಸಿಕೊಳ್ಳುವುದೇ ಯುಕ್ತವಾದ ಮಾರ್ಗ.

ಮೊದಲು ಪೇಟೆಯ ಮಾತು. ಗಾಂಧಿಬಜಾರಿನಲ್ಲಿಯೂ, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯ ಸುತ್ತಮುತ್ತಲೂ ಈಗ ಬರುವ ಕಾಯಿಪಲ್ಯಗಳಲ್ಲಿ ಎಳೆಯ ಸೌತೆಕಾಯಿ, ಬೂದುಗುಂಬಳ, ಸೋರೆಕಾಯಿ, ಹೀರೆಕಾಯಿ ಮುಖ್ಯವಾದುವು. ಇವೆಲ್ಲವೂ ನೀರಿನ ಅಂಶ ಹೆಚ್ಚಾಗಿರುವ, ಬೇಗ ಬೇಯುವ ಕಾಯಿಗಳು. ಸೌತೆಕಾಯಿ ಗಟ್ಟಿಯಾಗಿ, ಸಣ್ಣದಾಗಿ ಇರಬೇಕು. ಹಳದಿಗೆ ತಿರುಗಿದ್ದರೆ ಬೀಜ ಬಲಿತಿರುತ್ತದೆ. ಯುಗಾದಿಯ ಹೊತ್ತಿಗೆ ಹುಳಿಮಾವಿನಕಾಯಿ ಬರುತ್ತದೆ. ಅನಂತರ ಬಾದಾಮಿ, ರಸಪುರಿ, ಮಲಗೋವ ಹಣ್ಣುಗಳು. ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿಗೆ ವಿರುದ್ಧ. ಬಣ್ಣವನ್ನು ನೋಡಿ ಮರುಳಾಗದೆ, ತೊಟ್ಟಿನ ಬಳಿ ಪರಿಮಳವಿದೆಯೇ ಎಂದು ಪರೀಕ್ಷಿಸಬೇಕು. ಬಲಿತ ಕಾಯನ್ನೇ ಕೊಂಡು ಮನೆಯಲ್ಲಿ ಹುಲ್ಲಿನ ನಡುವೆ ಹಣ್ಣು ಮಾಡಿಕೊಳ್ಳುವುದು ಇನ್ನೂ ಮೇಲು.

ಕೋಸಂಬರಿ: ಒಂದು ಬಟ್ಟಲು ಹೆಸರುಬೇಳೆಯನ್ನು ಚೆನ್ನಾಗಿ ತೊಳೆದು ಒಂದು ಗಂಟೆ ನೆನೆಹಾಕಿ ನೀರನ್ನು ಬಸಿಯಬೇಕು. ಎರಡು ಸೌತೆಕಾಯಿಗಳನ್ನು ಸಣ್ಣಗೆ ಹೆಚ್ಚಿ, ಒಂದು ಹಿಡಿ ತೆಂಗಿನ ತುರಿ, ಸ್ವಲ್ಪ ಮಾವಿನಕಾಯಿಯ ತುರಿ, ಕೊತ್ತಂಬರಿಸೊಪ್ಪು, ಹಸಿಮೆಣಸಿನಕಾಯಿ ಇವುಗಳೊಡನೆ ಬೆರಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಬೇಕು. ಉಪ್ಪನ್ನು ಮಾತ್ರ ಬಡಿಸುವ ಕಾಲಕ್ಕೆ ಹಾಕತಕ್ಕದ್ದು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಪ್ಪಗಾಗುವುದು.

ಒಂದೆಲಗದ ತಂಬುಳಿ: ಮಲೆನಾಡಿನಿಂದಲೂ ಕರಾವಳಿಯಿಂದಲೂ ಬಂದು ನೆಲಸಿದವರ ಮನೆಗಳಲ್ಲಿ ಇದು ನಿತ್ಯದ ಪದಾರ್ಥ. ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಎರಡು ಹಿಡಿ ತೆಂಗಿನ ತುರಿ ಇವನ್ನು ನುಣ್ಣಗೆ ಅರೆದು, ಎರಡು ಬಟ್ಟಲು ಮಜ್ಜಿಗೆಯಲ್ಲಿ ಕದಡಿ ಉಪ್ಪು ಸೇರಿಸಿದರೆ ಮುಗಿಯಿತು. ಒಲೆಯ ಕೆಲಸ ಎರಡು ನಿಮಿಷಕ್ಕಿಂತ ಹೆಚ್ಚಿಲ್ಲ.

ಬೂದುಗುಂಬಳದ ಮಜ್ಜಿಗೆಹುಳಿ: ನೆನೆಸಿದ ಎರಡು ಚಮಚ ಕಡಲೆಬೇಳೆ, ತೆಂಗಿನ ತುರಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ ಇವುಗಳನ್ನು ಅರೆದು ಬೆಂದ ಹೋಳುಗಳಿಗೆ ಸೇರಿಸಿ ಕುದಿಸಬೇಕು. ಮಜ್ಜಿಗೆಯನ್ನು ಕಡೆಯಲ್ಲಿ ಹಾಕಿ, ಉಕ್ಕುವ ಮುನ್ನವೇ ಇಳಿಸಬೇಕು. ಕುದಿದರೆ ಮಜ್ಜಿಗೆ ಒಡೆಯುತ್ತದೆ.

ಬೆಳಗ್ಗೆ ಎಂಟು ಗಂಟೆಯೊಳಗೆ ಅನ್ನವನ್ನೂ ಹೋಳುಗಳನ್ನೂ ಒಂದೇ ಕುಕ್ಕರಿನಲ್ಲಿ ಬೇಯಿಸಿಕೊಂಡರೆ ಮಧ್ಯಾಹ್ನದ ಉರಿಯಲ್ಲಿ ಒಲೆಯ ಮುಂದೆ ನಿಲ್ಲುವ ಕಷ್ಟವಿಲ್ಲ. ಇಂಧನವೂ ಉಳಿಯುತ್ತದೆ. ಆದರೆ ಬಿಸಿಲುಕಾಲದಲ್ಲಿ ಆಹಾರವು ಬಹು ಬೇಗ ಕೆಡುತ್ತದೆಂಬುದನ್ನು ಮರೆಯಬಾರದು. ಕೋಸಂಬರಿಯನ್ನು ಬೆರಸಿದ ಕೂಡಲೆ ಉಣ್ಣಬೇಕು. ತಡವಾಗಿ ಬರುವವರ ಪಾಲಿನ ಅನ್ನವನ್ನು ಆರಿಸಿ ತಂಪು ಪೆಟ್ಟಿಗೆಯಲ್ಲಿ ಇಡಬೇಕು. ಹಸಿಯಾಗಿ ತಿನ್ನುವುದನ್ನೆಲ್ಲ ಶುದ್ಧವಾದ ನೀರಿನಲ್ಲಿ ತೊಳೆಯಬೇಕು. ಹೀಗೆ ತೊಳೆದ ನೀರನ್ನು ಚೆಲ್ಲದೆ ತುಳಸಿಗೋ ಕರಿಬೇವಿನ ಗಿಡಕ್ಕೋ ಹಾಕಿದರೆ ನೀರಿನ ಕಷ್ಟದ ದಿನಗಳಲ್ಲಿ ಅದೊಂದು ಉಪಕಾರ. ರಸ್ತೆಯ ಬದಿಯಲ್ಲಿ ಹೆಚ್ಚಿ ತೆರೆದಿಟ್ಟ ಹಣ್ಣನ್ನು ಮಕ್ಕಳಿಗೆ ಕೊಡಿಸದಿರುವುದು ಕ್ಷೇಮ.

ಬಾಯಾರಿಕೆಗೆ ಒಂದು ಬಟ್ಟಲು ಬೆಲ್ಲವನ್ನು ಐದು ಬಟ್ಟಲು ನೀರಿನಲ್ಲಿ ಕರಗಿಸಿ ಶೋಧಿಸಿ, ನಿಂಬೆಯ ರಸ, ಏಲಕ್ಕಿ, ಶುಂಠಿಯ ಪುಡಿ ಹಾಕಿದರೆ ಪಾನಕ ಸಿದ್ಧ. ಬೇಲದ ಹಣ್ಣು ದೊರೆತರೆ ಅದರ ತಿರುಳನ್ನೂ ಹೀಗೆಯೇ ಬೆಲ್ಲದೊಡನೆ ಕಿವುಚಬಹುದು. ಮಧುಮೇಹವುಳ್ಳವರಿಗೆ ಪಾನಕಕ್ಕೆ ಬದಲಾಗಿ ನೀರುಮಜ್ಜಿಗೆಯೇ ಒಳ್ಳೆಯದು.

ಕಡೆಯದಾಗಿ ಯಜಮಾನರಿಗೆ ಒಂದು ಮಾತು. ಸೌತೆಕಾಯಿ ಹೆಚ್ಚುವುದಕ್ಕಾಗಲಿ ಬೆಲ್ಲ ಕರಗಿಸುವುದಕ್ಕಾಗಲಿ ಪಾಕಶಾಸ್ತ್ರದಲ್ಲಿ ಪಾಂಡಿತ್ಯ ಬೇಕಿಲ್ಲ. ಹಬ್ಬದ ದಿನ ನೂರಾರು ಜನರಿಗೆ ಪಾನಕ ಹಂಚುವ ಕೈಗಳು ಉಳಿದ ದಿನಗಳಲ್ಲಿ ಮನೆಯ ನಾಲ್ವರಿಗೆ ಅದನ್ನು ಮಾಡಿಕೊಡಲಾರವೇ? ಗೃಹಿಣಿಯೂ ಎಲ್ಲರೊಡನೆ ಕುಳಿತು, ಬೆವರಿಲ್ಲದೆ, ಬಿಡುವಾಗಿ ಉಂಡಾಗಲೇ ಬೇಸಗೆಯ ಊಟವು ಪೂರ್ಣವಾದಂತೆ.