ವೈಡ್ ಆಂಗಲ್ ಜೂಮ್: ದೋಷ ಲೆನ್ಸಿನದೋ, ನಿಂತ ಜಾಗದ್ದೋ?

ಮದುವೆಯ ಆಲ್ಬಮ್ ಮನೆಗೆ ಬಂದ ದಿನ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಒಂದು ತಕರಾರು ಏಳುವುದುಂಟು. ಗುಂಪು ಫೋಟೋದಲ್ಲಿ ನಡುವೆ ನಿಂತ ವಧು-ವರರು ಚೆನ್ನಾಗಿಯೇ ಇದ್ದಾರೆ, ಆದರೆ ಸಾಲಿನ ಕೊನೆಯಲ್ಲಿ ನಿಂತ ಸೋದರತ್ತೆಯ ಮುಖ ಅಗಲವಾಗಿದೆ, ತೋಳು ಇದ್ದುದಕ್ಕಿಂತ ದಪ್ಪ ಕಾಣುತ್ತದೆ. ಮನೆಯವರು ಫೋಟೋಗ್ರಾಫರನನ್ನು ದೂರುತ್ತಾರೆ. ಫೋಟೋಗ್ರಾಫರ ಲೆನ್ಸನ್ನು ದೂರುತ್ತಾನೆ. ಕೆಲವರು ಆ ಲೆನ್ಸನ್ನು ಸಿಕ್ಕ ಬೆಲೆಗೆ ಮಾರಿ, ಸಾಲ ಮಾಡಿ, ಇನ್ನೂ ದುಬಾರಿಯದನ್ನು ತರುತ್ತಾರೆ. ಮುಂದಿನ ಲಗ್ನಸರಾಯಿಯಲ್ಲಿ ಮತ್ತೆ ಸಾಲಿನ ಕೊನೆಯವರ ಮುಖ ಅಗಲ!

ವೈಡ್ ಆಂಗಲ್ ಜೂಮ್ ಲೆನ್ಸಿನ ಗುಣ-ದೋಷ ಅಳೆಯುವಾಗ ಮೊದಲು ಬೇರ್ಪಡಿಸಬೇಕಾದದ್ದು ಇದನ್ನೇ. ಕೆಲವು ದೋಷಗಳು ಆ ಒಂದು ಲೆನ್ಸಿನವು, ಅಂಥದ್ದನ್ನು ಕೊಳ್ಳಬಾರದು. ಕೆಲವು ಆ ಮಾದರಿಯ ಎಲ್ಲ ಲೆನ್ಸುಗಳಲ್ಲೂ ಇರುವವು. ಅವನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಇನ್ನು ಕೆಲವು ದೋಷಗಳೇ ಅಲ್ಲ, ಜ್ಯಾಮಿತಿಯ ಲೆಕ್ಕ. ಎಷ್ಟು ಲಕ್ಷ ಕೊಟ್ಟರೂ ಅವು ಹೋಗುವುದಿಲ್ಲ. ಸೋದರತ್ತೆಯ ಮುಖ ಈ ಮೂರನೆಯ ಗುಂಪಿಗೆ ಸೇರಿದ್ದು.

ಅಗಲ ಎಂದರೆ ಎಷ್ಟು ಅಗಲ?

ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದೊಂದಿಗೆ ಬರುವ ಕಿಟ್ ಲೆನ್ಸ್ 18-55 ಮಿ.ಮೀ. ಇರುತ್ತದೆ. ಕ್ಯಾನನ್‌ನ ಸಣ್ಣ ಸೆನ್ಸರಿನ ಕ್ಯಾಮೆರಾಗಳಲ್ಲಿ ಸೆನ್ಸರಿನ ಅಗಲ ಸುಮಾರು 22.3 ಮಿ.ಮೀ. ಗೋಡೆಯಿಂದ 10 ಅಡಿ ದೂರ ನಿಂತು 18 ಮಿ.ಮೀ.ನಲ್ಲಿ ತೆಗೆದರೆ ಸುಮಾರು 12 ಅಡಿ ಅಗಲದ ಗೋಡೆ ಫೋಟೋದಲ್ಲಿ ಬರುತ್ತದೆ. ಅಲ್ಲಿಂದಲೇ 10 ಮಿ.ಮೀ.ನಲ್ಲಿ ತೆಗೆದರೆ 22 ಅಡಿ ಬರುತ್ತದೆ. ಹಳೆಯ ವಾಡೆಯ ನಡುಮನೆಯಲ್ಲಿ ಸೀಮಂತ, ಹಿಂದೆ ಸರಿಯಲು ಜಾಗವಿಲ್ಲ, ಬೆನ್ನು ಗೋಡೆಗೆ ತಾಗಿದೆ ಎನ್ನುವಾಗ ಈ 10 ಅಡಿಯ ಹೆಚ್ಚಳವೇ ಫೋಟೋವನ್ನು ಉಳಿಸುತ್ತದೆ. ಅಕ್ಕಲಕೋಟದ ವಟವೃಕ್ಷ ಸ್ವಾಮಿ ಸಮರ್ಥ ಮಂದಿರದ ಸುತ್ತಲಿನ ಇಕ್ಕಟ್ಟಿನಲ್ಲೂ ಅಷ್ಟೆ. ಗುರುವಾರದ ಜನದಟ್ಟಣೆಯಲ್ಲಿ ನಾಲ್ಕು ಹೆಜ್ಜೆ ಹಿಂದೆ ಹೋಗುತ್ತೇನೆ ಎಂದರೆ ಯಾರು ಬಿಡುತ್ತಾರೆ?

ಇದರ ಇನ್ನೊಂದು ಗುಣವನ್ನು ಜನ ಅಷ್ಟಾಗಿ ಬಳಸುವುದಿಲ್ಲ. 10 ಮಿ.ಮೀ., ಎಫ್/8 ಇಟ್ಟು ಎರಡು-ಮೂರು ಅಡಿ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು ಒಂದೂವರೆ ಅಡಿಯಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಮುಂದೆ ಮಗ್ಗದ ಮೇಲಿನ ಕೈ, ಹಿಂದೆ ಇಡೀ ಕಾರಖಾನೆ. ಸೊಲ್ಲಾಪುರದ ಚಾದರದ ಬಗ್ಗೆ ಒಂದೇ ಫೋಟೋದಲ್ಲಿ ಹೇಳಬೇಕಾದರೆ ಈ ಲೆನ್ಸಿಗಿಂತ ಒಳ್ಳೆಯದು ಸಿಗುವುದು ಕಷ್ಟ. "ಎಲ್ಲರನ್ನೂ ಒಳಗೆ ತುಂಬಲು" ಮಾತ್ರ ಬಳಸಿದರೆ ಅದರ ಅರ್ಧ ಶಕ್ತಿ ವ್ಯರ್ಥ.

ಅತ್ತೆಯ ಮುಖದ ಲೆಕ್ಕ

ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಯಾವುದೇ ಲೆನ್ಸ್ ಅಂಚಿನಲ್ಲಿರುವ ದುಂಡನೆಯ ವಸ್ತುವನ್ನು ಹೊರಕ್ಕೆ ಎಳೆಯಲೇಬೇಕು. 10 ಮಿ.ಮೀ.ನಲ್ಲಿ ಫೋಟೋದ ಎಡ ಅಥವಾ ಬಲ ತುದಿಯಲ್ಲಿಟ್ಟ ಚೆಂಡಿನ ಅಗಲ ಅದರ ಎತ್ತರದ ಒಂದೂವರೆ ಪಟ್ಟು ಆಗುತ್ತದೆ. ಮನುಷ್ಯನ ತಲೆಗೂ ಇದೇ ಗತಿ. ಅದೇ ಲೆನ್ಸನ್ನು 16ಕ್ಕೆ ತಿರುಗಿಸಿದರೆ ಹಿಗ್ಗುವಿಕೆ ಶೇ. 22ರಷ್ಟಿರುತ್ತದೆ, 22ಕ್ಕೆ ತಂದರೆ ಶೇ. 12ಕ್ಕೆ ಇಳಿಯುತ್ತದೆ. ಲೆನ್ಸ್ ಯಾವ ಕಂಪನಿಯದು ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಕೊಂಡು 16 ಮಿ.ಮೀ. ಹಾಕಿದರೂ ನೋಟದ ಕೋನ ಅಷ್ಟೇ, ಮುಖವೂ ಅಷ್ಟೇ ಹಿಗ್ಗುತ್ತದೆ.

ಹಾಗಾಗಿ ಉಪಾಯ ಅಂಗಡಿಯಲ್ಲಿಲ್ಲ, ಮಂಗಲ ಕಾರ್ಯಾಲಯದ ವೇದಿಕೆಯ ಮುಂದಿದೆ. ಗುಂಪು ಫೋಟೋಕ್ಕೆ ಎರಡು ಹೆಜ್ಜೆ ಹಿಂದೆ ಸರಿದು 18-20 ಮಿ.ಮೀ. ಆದರೂ ಇಟ್ಟುಕೊಳ್ಳಬೇಕು. ಒಂದೇ ಉದ್ದ ಸಾಲಿನ ಬದಲು ಎರಡು ಅಥವಾ ಮೂರು ಸಾಲು ಮಾಡಿ, ಹಿರಿಯರನ್ನು ಮುಂದೆ ಕುರ್ಚಿಯಲ್ಲಿ ಕೂರಿಸಬೇಕು. ಜಾಗವೇ ಇಲ್ಲ, 10 ಮಿ.ಮೀ. ಅನಿವಾರ್ಯ ಎಂದಾದರೆ ಎರಡೂ ತುದಿಯಲ್ಲಿ ಬಾಳೆಕಂಬ, ಮಂಟಪದ ಕಂಬ, ಹೂವಿನ ಅಲಂಕಾರ ಬರುವಂತೆ ಬಿಡಬೇಕು. ಕಂಬ ದಪ್ಪಗಾದರೆ ಯಾರೂ ತಕರಾರು ಮಾಡುವುದಿಲ್ಲ.

ಎತ್ತರದ ವಸ್ತುಗಳು ವಾಲುವುದೂ ಇದೇ ಜಾತಿಯ ಸಮಸ್ಯೆ. ಸಂಕ್ರಾಂತಿಯ ಸಮಯದಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರ ಯಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ ಹೊರಡುವುದು ಗಡಿಭಾಗದ ಓದುಗರಿಗೆ ಗೊತ್ತೇ ಇದೆ. ಬಿಳಿ ಬಾರಾಬಂದಿ ತೊಟ್ಟ ಭಕ್ತರು, ಅವರ ನಡುವೆ ಆಕಾಶಕ್ಕೆ ಏರಿದ ಧ್ವಜ. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ ತಕ್ಷಣ ಅಂಚಿನ ಧ್ವಜಗಳು ನಡುವಿನ ಕಡೆಗೆ ಬಾಗುತ್ತವೆ, ಪಕ್ಕದ ಕಟ್ಟಡಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಇದು ಲೆನ್ಸಿನ ತಪ್ಪಲ್ಲ, ಕ್ಯಾಮೆರಾ ಓರೆಯಾದದ್ದರ ಫಲ. ಕ್ಯಾಮೆರಾವನ್ನು ನೆಲಕ್ಕೆ ಸಮವಾಗಿ ಹಿಡಿದರೆ ಧ್ವಜಗಳು ನೆಟ್ಟಗೆ ನಿಲ್ಲುತ್ತವೆ. ಆಗ ಫೋಟೋದ ಕೆಳಗಿನ ಅರ್ಧ ಬರೀ ರಸ್ತೆ ಆಗುತ್ತದೆ ನಿಜ, ಅದನ್ನು ಆಮೇಲೆ ಕತ್ತರಿಸಬಹುದು. ಪರಿಚಯದವರ ಮಾಳಿಗೆ ಸಿಕ್ಕರೆ ಇನ್ನೂ ಉತ್ತಮ. ಅರ್ಧ ಎತ್ತರದಿಂದ ತೆಗೆದರೆ ಏನನ್ನೂ ಕತ್ತರಿಸಬೇಕಿಲ್ಲ.

ಗೋಡೆಗೆ ಎರಡು ಭಾಷೆಯ ಪತ್ರಿಕೆ

ಇನ್ನು ನಿಜವಾದ ದೋಷ. ಜೂಮ್ ಲೆನ್ಸಿನಲ್ಲಿ ಹತ್ತಕ್ಕೂ ಹೆಚ್ಚು ಗಾಜುಗಳು ಗುಂಪು ಗುಂಪಾಗಿ ಹಿಂದೆ ಮುಂದೆ ಸರಿಯುತ್ತವೆ. ಅವುಗಳಲ್ಲಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಅಥವಾ ಓರೆಯಾದರೂ ಫೋಟೋದ ಒಂದು ಬದಿ ಮಂಕಾಗುತ್ತದೆ. ಕೆಳಗೆ ಬಿದ್ದು ಎದ್ದ ಲೆನ್ಸುಗಳಲ್ಲಿ ಇದು ಹೆಚ್ಚು. ಹೊಸದರಲ್ಲೂ ಆಗಾಗ ಇರುತ್ತದೆ. ನಡುಭಾಗ ಚೆನ್ನಾಗಿಯೇ ಬರುವುದರಿಂದ ಅಂಗಡಿಯಲ್ಲಿ ಕ್ಯಾಮೆರಾದ ಚಿಕ್ಕ ಪರದೆಯ ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ವೈಡ್ ಲೆನ್ಸಿನ ಹಣೆಬರಹ ಇರುವುದು ನಾಲ್ಕು ಮೂಲೆಗಳಲ್ಲಿ.

ಪರೀಕ್ಷೆಗೆ ಖರ್ಚಿಲ್ಲ. ಒಂದು ಕನ್ನಡ ಪತ್ರಿಕೆ, ಒಂದು ಮರಾಠಿ ಪತ್ರಿಕೆ ಸಾಕು. ಬೆಳಕು ಸಮವಾಗಿ ಬೀಳುವ ಗೋಡೆಯ ಮೇಲೆ ಸುಮಾರು ಏಳು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಜಾಗ ಗುರುತು ಮಾಡಿ ನಾಲ್ಕು ಮೂಲೆಗೆ ಮತ್ತು ನಡುವೆ ಹಾಳೆಗಳನ್ನು ಅಂಟಿಸಬೇಕು. ಮೂರು ಅಡಿ ದೂರದಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಡಬೇಕು. ಅದು ಗೋಡೆಗೆ ನೇರವಾಗಿದೆಯೇ ಎಂದು ತಿಳಿಯಲು ಗೋಡೆಯ ನಡುವೆ ಒಂದು ಚಿಕ್ಕ ಕನ್ನಡಿಯನ್ನು ಚಪ್ಪಟೆಯಾಗಿ ಹಿಡಿಸಬೇಕು. ಲೆನ್ಸಿನ ಪ್ರತಿಬಿಂಬ ಫ್ರೇಮಿನ ಸರಿಯಾದ ನಡುವೆ ಕಂಡರೆ ಕ್ಯಾಮೆರಾ ನೇರವಾಗಿದೆ ಎಂದರ್ಥ. ಟೈಮರ್ ಹಾಕಿ 10 ಮಿ.ಮೀ.ನಲ್ಲಿ ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಒಂದು, ಎಫ್/5.6ರಲ್ಲಿ ಒಂದು, ಎಫ್/8ರಲ್ಲಿ ಒಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ತೆರೆಯಬೇಕು.

ದಪ್ಪ ತಲೆಬರಹ ಯಾವ ಲೆನ್ಸಿನಲ್ಲೂ ಓದಲು ಬರುತ್ತದೆ. ನೋಡಬೇಕಾದದ್ದು ಅದರ ಕೆಳಗಿನ ಉಪಶೀರ್ಷಿಕೆ. ಕನ್ನಡದ ಒತ್ತಕ್ಷರಗಳು, ಮರಾಠಿ ಅಕ್ಷರದ ತಲೆಯ ಮೇಲಿನ ಅನುಸ್ವಾರದ ಚುಕ್ಕೆ ಇವೇ ಮೊದಲು ಕರಗುವವು. ನಡುವಿನ ಹಾಳೆಯಲ್ಲಿ ಚುಕ್ಕೆ ಇದ್ದು ನಾಲ್ಕೂ ಮೂಲೆಗಳಲ್ಲಿ ಸಮನಾಗಿ ಮಾಯವಾದರೆ ಅದು ಆ ಮಾದರಿಯ ದೌರ್ಬಲ್ಯ. ಎಫ್/8ಕ್ಕೆ ತಂದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮೂರು ಮೂಲೆ ಚೆನ್ನಾಗಿದ್ದು ಒಂದು ಮಾತ್ರ ಎಫ್/8ರಲ್ಲೂ ಮಂಕಾಗಿದ್ದರೆ ಸಂಶಯಪಡಬೇಕು. ಆಗ ಕ್ಯಾಮೆರಾವನ್ನು ತಲೆಕೆಳಗೆ ಮಾಡಿ, ಕನ್ನಡಿಯಲ್ಲಿ ಮತ್ತೆ ನೇರ ಮಾಡಿಕೊಂಡು, ಇನ್ನೊಮ್ಮೆ ತೆಗೆಯಬೇಕು. ಗೋಡೆಯ ಅದೇ ಹಾಳೆ ಮತ್ತೆ ಮಂಕಾಗಿದ್ದರೆ ತಪ್ಪು ಕ್ಯಾಮೆರಾ ಇಟ್ಟ ರೀತಿಯಲ್ಲಿದೆ. ಮಂಕು ಎದುರಿನ ಮೂಲೆಯ ಹಾಳೆಗೆ ಹಾರಿದರೆ ತಪ್ಪು ಲೆನ್ಸಿನದು, ವ್ಯಾಪಾರ ಅಲ್ಲಿಗೇ ಮುಗಿಸಬೇಕು. ಇದೇ ಪರೀಕ್ಷೆಯನ್ನು ಜೂಮಿನ ಇನ್ನೊಂದು ತುದಿಯಲ್ಲೂ ಮಾಡುವುದು ಒಳ್ಳೆಯದು. ಒಂದು ತುದಿಯಲ್ಲಿ ಪಾಸಾಗಿ ಇನ್ನೊಂದರಲ್ಲಿ ನಪಾಸಾಗುವ ಜೂಮ್‌ಗಳಿವೆ.

ಸಮೀಪದ ಗೋಡೆಯ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಸೊಲ್ಲಾಪುರದ ಭುಯಿಕೋಟ ಕೋಟೆಯ ಕಲ್ಲಿನ ಗೋಡೆಯನ್ನು ದೂರದಿಂದ ತೆಗೆದು ಎಡ-ಬಲದ ಕಲ್ಲುಗಳನ್ನು ಹೋಲಿಸಿ ನೋಡಿದರೆ ತೀರ್ಮಾನ ಗಟ್ಟಿಯಾಗುತ್ತದೆ.

ಗೆರೆ ಬಾಗುವುದು, ಮೂಲೆ ಕಪ್ಪಾಗುವುದು, ಮರದ ಎಲೆಗಳ ಅಂಚಿಗೆ ನೇರಳೆ-ಹಸಿರು ಗೆರೆ ಬರುವುದು ಇವು ಎರಡನೆಯ ಗುಂಪಿನವು. 10 ಮಿ.ಮೀ.ನಲ್ಲಿ ಬಾಗಿಲ ಚೌಕಟ್ಟು ಹೊರಕ್ಕೆ ಉಬ್ಬುತ್ತದೆ, ಜೂಮ್ ಮಾಡುತ್ತಾ ಹೋದಂತೆ ಉಬ್ಬು ಇಳಿಯುತ್ತದೆ. ಇವನ್ನೆಲ್ಲ ತಿದ್ದುವ ಸೌಲಭ್ಯ ಈಗಿನ ಸಾಫ್ಟ್‌ವೇರ್‌ನಲ್ಲಿದೆ, ಹಲವು ಕ್ಯಾಮೆರಾಗಳು ತಾವೇ ತಿದ್ದಿಕೊಡುತ್ತವೆ. ಆದ್ದರಿಂದ ಇವುಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ತಿದ್ದಿದಾಗ ಅಂಚು ಸ್ವಲ್ಪ ಕತ್ತರಿಸಿ ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟು ಸುತ್ತ ಜಾಗ ಬಿಟ್ಟು ತೆಗೆಯಬೇಕು.

ತಿದ್ದಲಾಗದ್ದು ಎದುರು ಬೆಳಕು. ಅಗಲ ನೋಟದ ಲೆನ್ಸಿಗೆ ಸೂರ್ಯನೋ, ವೇದಿಕೆಯ ಹ್ಯಾಲೋಜನ್ ದೀಪವೋ ಒಂದಲ್ಲ ಒಂದು ಕಡೆಯಿಂದ ಒಳಗೆ ಬಂದೇ ಬರುತ್ತದೆ. ಸಂಜೆ ಹೊತ್ತು ಕೆರೆಯ ಆಚೆಯಿಂದ ಸಿದ್ಧೇಶ್ವರ ಮಂದಿರ ತೆಗೆಯುವಾಗ ನೀರಿನ ಮೇಲೆ ಹಸಿರು ಬೊಟ್ಟುಗಳ ಸಾಲು ಬಂದರೆ ಅದು ಗಾಜುಗಳ ನಡುವೆ ಬೆಳಕು ಪುಟಿದಾಡಿದ ಗುರುತು. ಕೊಳ್ಳುವ ಮುನ್ನ ಉರಿಯುವ ಬಲ್ಬನ್ನು ಫ್ರೇಮಿನ ಮೂಲೆಯಲ್ಲಿಟ್ಟು ಒಂದು ಫೋಟೋ ತೆಗೆದು ನೋಡಿದರೆ ಇದು ಗೊತ್ತಾಗುತ್ತದೆ.

ಯಾವುದು ಯಾರಿಗೆ?

2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಕಂಪನಿಗಳು ಹೊಸ ಮೌಂಟಿನ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ತಂದ ಮೇಲೆ ಹಳೆಯ ಡಿಎಸ್‌ಎಲ್‌ಆರ್ ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಅವುಗಳಲ್ಲಿ ಕ್ಯಾನನ್‌ನ 10-22 (2004) ಗಟ್ಟಿಮುಟ್ಟಾದದ್ದು. 2014ರಲ್ಲಿ ಬಂದ ಅದೇ ಕಂಪನಿಯ 10-18 ಹಗುರ, 240 ಗ್ರಾಂ ಮಾತ್ರ, ಕೈ ನಡುಕ ತಡೆಯುವ ವ್ಯವಸ್ಥೆಯೂ ಇದೆ. ಆದರೆ ಅದರ ಅಪರ್ಚರ್ ಎಫ್/4.5ರಿಂದ ಶುರು. ನಡುಕ ತಡೆಯುವ ವ್ಯವಸ್ಥೆ ನಿಂತ ಮಂದಿರಕ್ಕೆ ಉಪಯೋಗ, ಕುಣಿಯುವ ಬಾರಾತಿಗೆ ಅಲ್ಲ. ರಾತ್ರಿ ಮೆರವಣಿಗೆಯೇ ಹೊಟ್ಟೆಪಾಡಾಗಿರುವವರಿಗೆ ಟೋಕಿನಾ 11-16 ಎಫ್/2.8 ಹೆಚ್ಚು ಹೊಂದುತ್ತದೆ, ಎಫ್/4.5ಕ್ಕೆ ಹೋಲಿಸಿದರೆ ಎರಡೂವರೆ ಪಟ್ಟು ಬೆಳಕು ಒಳಗೆ ಬರುತ್ತದೆ. ಅದಕ್ಕೆ ತೆರುವ ಬೆಲೆ ಎಂದರೆ ಎದುರು ಬೆಳಕಿಗೆ ಅದು ಬೇಗ ಸೋಲುತ್ತದೆ, ಜೂಮ್ ಎನ್ನುವುದು ಹೆಸರಿಗಷ್ಟೆ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾ ಇರುವವರು ಈ ಲೆನ್ಸಿನ ಮೊದಲ ಆವೃತ್ತಿ ಕೊಳ್ಳಬಾರದು. ಅದರಲ್ಲಿ ಮೋಟಾರ್ ಇಲ್ಲ, ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. 2012ರ ಎರಡನೆಯ ಆವೃತ್ತಿಯಲ್ಲಿ ಮೋಟಾರ್ ಇದೆ.

ನಿಕಾನ್‌ನ 14-24 ಎಫ್/2.8 (2007) ಬಹಳ ಹೆಸರು ಮಾಡಿದ ಲೆನ್ಸ್. ಫುಲ್ ಫ್ರೇಮಿನಲ್ಲಿ ಅದರ ಮೂಲೆಗಳು ಆ ಕಾಲಕ್ಕೆ ಮಾದರಿ. ಆದರೆ ಮುಂದಿನ ಗಾಜು ಗುಮ್ಮಟದಂತೆ ಹೊರಗೆ ಉಬ್ಬಿರುವುದರಿಂದ ಸಾಮಾನ್ಯ ಫಿಲ್ಟರ್ ಹಾಕಲು ಬರುವುದಿಲ್ಲ. ಭಂಡಾರ, ಗುಲಾಲು ಹಾರುವ ಜಾತ್ರೆಗಳಲ್ಲಿ ಫಿಲ್ಟರ್ ಇಲ್ಲದ ಉಬ್ಬುಗಾಜನ್ನು ಒಯ್ಯುವವರು ಎರಡು ಸಲ ಯೋಚಿಸಬೇಕು.

ಹಳೆಯ ಲೆನ್ಸ್ ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಹೆದರಬೇಕಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸ್ಟು, ಬಿಟ್ಟುಬಿಡಬೇಕು. ಜೂಮ್ ರಿಂಗ್ ತಿರುಗಿಸುವಾಗ ಎಲ್ಲಾದರೂ ತಡೆದರೆ, ಫಿಲ್ಟರ್ ಹಾಕುವ ಅಂಚು ನೆಗ್ಗಿದ್ದರೆ ಬಿದ್ದ ಲೆನ್ಸ್ ಎಂದೇ ತಿಳಿದು ಪತ್ರಿಕೆಯ ಪರೀಕ್ಷೆಗೆ ಒಯ್ಯಬೇಕು. ಮಾರುವವರು ಒಂದು ದಿನದ ಮಟ್ಟಿಗೆ ಲೆನ್ಸ್ ಕೊಡಲು ಒಪ್ಪದಿದ್ದರೆ ಅವರ ಮನೆಯ ಗೋಡೆಯಾದರೂ ಆದೀತು.

ಮೊಬೈಲಿನಲ್ಲಿ 0.5 ಎಂಬ ಗುಂಡಿ ಒತ್ತುವವರಿಗೂ ಇದೇ ಲೆಕ್ಕ. ಹಲವು ಫೋನುಗಳಲ್ಲಿ ಅದು ಫುಲ್ ಫ್ರೇಮಿನ 13 ಮಿ.ಮೀ.ಗೆ ಸಮ, ಅಂದರೆ ಮೇಲೆ ಹೇಳಿದ 10 ಮಿ.ಮೀ.ಗಿಂತಲೂ ಅಗಲ. ಮದುವೆ ಮನೆಯಲ್ಲಿ ಸೆಲ್ಫಿಗೆ ಕೈ ಚಾಚಿದಾಗ ಅಂಚಿಗೆ ಬಂದವರನ್ನು ಸ್ವಲ್ಪ ಒಳಗೆ ಕರೆದುಕೊಳ್ಳಬೇಕು.