ಮಗು ದುಂಡಗಿದ್ದರೆ ಸಾಕೆ?

ಮೈ ಕೈ ತುಂಬಿಕೊಂಡ ಮಗುವನ್ನು ಕಂಡರೆ ಯಾರಿಗೆ ತಾನೇ ಮುದ್ದು ಬಾರದು? ದೃಷ್ಟಿ ತಗುಲೀತೆಂದು ಕೆನ್ನೆಗೊಂದು ಕಾಡಿಗೆ ಬೊಟ್ಟು ಇಡುತ್ತೀರಿ. ಸರಿಯೆ. ಆದರೆ ಹತ್ತು ವರ್ಷದ ಮಗನಿಗೆ ಹೊಟ್ಟೆಯ ಮೇಲೆ ಅಂಗಿಯ ಗುಂಡಿ ಹಾಕಲು ಬಾರದಿದ್ದಾಗಲೂ “ಬೆಳೆಯೋ ಹುಡುಗ, ಆಮೇಲೆ ಇಳಿಯುತ್ತೆ ಬಿಡಿ” ಎನ್ನುವವರಿದ್ದಾರೆ. ಎಲ್ಲರಿಗೂ ಇಳಿಯುವುದಿಲ್ಲ. ಆ ವಯಸ್ಸಿನ ಬೊಜ್ಜು ಎಷ್ಟೋ ಮಂದಿಗೆ ದೊಡ್ಡವರಾದ ಮೇಲೂ ಉಳಿದುಬಿಡುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ನೂರಕ್ಕೆ 2.1 ಇದ್ದದ್ದು 2019-21ರಲ್ಲಿ 3.4ಕ್ಕೆ ಏರಿತು.

ವಂಶಗುಣವೂ ಒಂದು ಕಾರಣ, ನಿಜ. ಥೈರಾಯಿಡ್ ತೊಂದರೆಯಿಂದ ದಪ್ಪಗಾಗುವ ಮಕ್ಕಳು ಮಾತ್ರ ಬಲು ಕಡಿಮೆ. ಉಳಿದದ್ದೆಲ್ಲ ಮನೆಯೊಳಗೇ ಇದೆ. ಶಾಲೆಯಿಂದ ಬಂದ ಕೂಡಲೆ ಬೋಂಡ, ಬೇಕರಿಯ ಬನ್ನು. ಆಟದ ಹೊತ್ತಿಗೆ ಟ್ಯೂಷನ್. ಮೊಬೈಲ್ ಕೈಗೆ ಕೊಟ್ಟರೆ ತುತ್ತು ಸಲೀಸಾಗಿ ಇಳಿಯುತ್ತದೆ, ಆದರೆ ಹೊಟ್ಟೆ ತುಂಬಿದ್ದು ಮಗುವಿಗೇ ತಿಳಿಯೋದಿಲ್ಲ. ಇನ್ನು 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರೇಳು ಟೀ ಚಮಚ. ಕಾಫಿಗೆ ಅಷ್ಟು ಹಾಕಿಕೊಟ್ಟರೆ ನಿಮ್ಮ ಯಜಮಾನರು ಲೋಟ ವಾಪಸು ಕಳಿಸಿಯಾರು!

ನಾಳೆ ಎಣ್ಣೆ ಹಚ್ಚುವಾಗ ಮಗುವಿನ ಕತ್ತಿನ ಹಿಂಭಾಗ, ಕಂಕುಳು ನೋಡಿ. ಚರ್ಮ ಕಪ್ಪಾಗಿ, ದಪ್ಪಗಾಗಿ, ಮಖಮಲ್ಲಿನ ಹಾಗೆ ಕಾಣುತ್ತಿದೆಯೆ? ಕೊಳೆಯೆಂದು ಕಡಲೆಹಿಟ್ಟು ಹಾಕಿ ಉಜ್ಜುವ ತಾಯಂದಿರಿದ್ದಾರೆ. ಪಾಪ, ಮಗು ಅತ್ತರೂ ಅದು ಹೋಗದು. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವುದರ ಗುರುತು ಅದಾಗಿರಬಹುದು. ದೊಡ್ಡವರದೆಂದುಕೊಂಡಿದ್ದ ಸಕ್ಕರೆ ಕಾಯಿಲೆ ಈಗ ಹದಿಹರೆಯದಲ್ಲೇ ಕಾಣಿಸಿಕೊಳ್ಳುತ್ತಿದೆ. ತಡಮಾಡದೆ ಡಾಕ್ಟರಿಗೆ ತೋರಿಸಿ. ಯಕೃತ್ತಿನಲ್ಲಿ ಕೊಬ್ಬು, ರಕ್ತದೊತ್ತಡ, ನಿದ್ದೆಯಲ್ಲಿ ಗೊರಕೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರು, ಇವೂ ಬೊಜ್ಜಿನ ಬೆನ್ನಿಗೇ ಬರುವಂಥವು. ‘ಡುಮ್ಮ’ ಎಂದು ತರಗತಿಯಲ್ಲಿ ಕರೆಸಿಕೊಳ್ಳುವ ನೋವನ್ನು ಮಗು ನಿಮ್ಮೆದುರು ಹೇಳಲಿಕ್ಕಿಲ್ಲ.

ಹಾಗೆಂದು ಉಪವಾಸ ಕೆಡವಬೇಡಿ. ಬೆಳೆಯುವ ವಯಸ್ಸು. ತೂಕ ಇನ್ನಷ್ಟು ಏರದಂತೆ ನೋಡಿಕೊಂಡರೆ, ಎತ್ತರ ಬೆಳೆದ ಹಾಗೆ ಮೈ ಹದಕ್ಕೆ ಬರುವುದುಂಟು. ತಂಗಿಗೆ ಜಾಮೂನು, ಅಣ್ಣನಿಗೆ ಪಥ್ಯ ಎಂದರೆ ಅವನು ಕದ್ದು ತಿಂದಾನು. ಮನೆಮಂದಿಗೆಲ್ಲ ಒಂದೇ ಅಡಿಗೆ ಇರಲಿ. ಸಂಜೆಗೆ ಹೆಸರುಕಾಳಿನ ಉಸಲಿ, ಸೌತೆಕಾಯಿ, ಸೀಬೆಹಣ್ಣು ಸಾಕು. ದಿನಕ್ಕೊಂದು ಗಂಟೆ ಬೆವರು ಬರುವಂತೆ ಆಡಲಿ. ಮೊಣಕೈ ತರಚಿದರೆ ತರಚಲಿ.

ಇನ್ನು ಅಜ್ಜಿಯ ಕೈಯ ಎರಡನೆಯ ಹೋಳಿಗೆ! ಅತ್ತೆಯವರಿಗೆ ನೀವು ಹೇಳಿದರೆ ಮನಸ್ತಾಪವಾದೀತು. ಡಾಕ್ಟರ ಬಳಿ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.